ಸಕೀನಾಬಿ ಕೀಳದೆ ಬಿಟ್ಟ ಕಾಯಿಗಳು

ಬೆಳಗಿನ ಮಂಜು ಇನ್ನೂ ಕರಗಿಲ್ಲ. ರಾಣೆಬೆನ್ನೂರಿನ ಪದವಿ ಕಾಲೇಜೊಂದರ ಹಿತ್ತಿಲು, ಪ್ರಯೋಗಾಲಯದ ಹಿಂಗೋಡೆಗೆ ಹೊಂದಿಕೊಂಡ ಕೈತೋಟ. ಮೆಣಸಿನ ಗಿಡದ ಸಾಲುಗಳ ನಡುವೆ ಸಕೀನಾಬಿ ನಡೆಯುತ್ತಿದ್ದಾರೆ. ನೀರು ಹಾಕಿ ಮುಗಿದಿದೆ, ಖಾಲಿ ಕೊಡ ಬದುವಿನ ಮೇಲೆ ಕೂತಿದೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಪಾಸಣೆಗೆ ಬಂದ ಸಾಹೇಬರ ಹಾಗೆ, ಒಂದೊಂದು ಗಿಡದ ಮುಂದೆ ನಿಲ್ಲುತ್ತಾರೆ, ಬಗ್ಗಿ ನೋಡುತ್ತಾರೆ, ಮುಂದೆ ಹೋಗುತ್ತಾರೆ. ಕೈ ಮಾತ್ರ ಮುಂದೆ ಬರುವುದಿಲ್ಲ.

"ಕೈಗೆ ಏನಾದರೂ ಪೆಟ್ಟಾಗಿದೆಯೇ?" ಎಂದು ಕೇಳುತ್ತೇನೆ.

"ಪೆಟ್ಟಿಲ್ಲ ಗಿಟ್ಟಿಲ್ಲ ತಗೋರಿ. ಬಿಟ್ರ ಗಿಡಕ್ಕ ಹೋಗಿ ಕಿತ್ತಬಿಡತಾವ. ಅದಕ್ಕ ಹಿಂದ ಕಟ್ಟಿ ಇಟ್ಟೇನಿ," ಎಂದು ನಗುತ್ತಾರೆ.

ಹಾವೇರಿಯಿಂದ ಮೊದಲ ಬಸ್ಸು ಹಿಡಿದು, ಫೆಬ್ರವರಿಯ ಚಳಿಗೆ ಕಿವಿಗೆ ಮಫ್ಲರ್ ಸುತ್ತಿಕೊಂಡು ನಾನು ಬಂದಿರುವುದು ಕೆಲಸ ಮಾಡುವವರೊಬ್ಬರನ್ನು ನೋಡಲು. ನೋಡಿದರೆ ಇವರು ಕೆಲಸ ಮಾಡದೇ ಇರುವುದನ್ನೇ ಕೆಲಸ ಮಾಡಿಕೊಂಡಿದ್ದಾರೆ! ಅಷ್ಟೇ ಅಲ್ಲ, ಅದು ಬಲು ಕಷ್ಟದ ಕೆಲಸವೆಂದು ಬೇರೆ ಹೇಳುತ್ತಾರೆ. ಅರ್ಧ ಸಾಲುಗಳ ರೆಂಬೆಗಳಿಗೆ ತೆಳು ಮಲಮಲ್ ಬಟ್ಟೆಯ ಪುಟ್ಟ ಪುಟ್ಟ ಚೀಲ ಕಟ್ಟಲಾಗಿದೆ. ಉಳಿದರ್ಧ ಸಾಲುಗಳು ಬರಿಮೈಯಲ್ಲಿ ನಿಂತಿವೆ. ಮೆಣಸಿನ ಗಿಡಕ್ಕೆ ಕುಲಾವಿ ತೊಡಿಸುವುದನ್ನು ನಾನಂತೂ ಈ ಹಿಂದೆ ಎಲ್ಲೂ ಕಂಡವನಲ್ಲ. ಮೂಗು ತೂರಿಸುವುದು ನನ್ನ ಹುಟ್ಟುಗುಣ, ಪತ್ರಿಕೆಯವರು ಸಂಬಳ ಕೊಡುವುದೂ ಅದಕ್ಕೇ. ಹಾಗಾಗಿ ಬದುವಿನ ಮೇಲೆ ಕೊಡದ ಪಕ್ಕದಲ್ಲೇ ಕೂತುಬಿಟ್ಟೆ.

ಇದರ ಮೂಲ ಇರುವುದು ಸಸ್ಯಶಾಸ್ತ್ರದ ಉಪನ್ಯಾಸಕ ವಿರೂಪಾಕ್ಷಪ್ಪನವರ ತಲೆಯಲ್ಲಿ. 1993ರ ಜೂನ್‌ನಲ್ಲಿ ಕಾಲೇಜು ಶುರುವಾದಾಗ ಅವರು ಬಿ.ಎಸ್ಸಿ. ಕೊನೆಯ ವರ್ಷದ ಹುಡುಗರ ಮುಂದೆ ನಿಂತು, ಈ ಸಲ ಪ್ರಯೋಗ ನಾನು ಹೇಳುವುದಿಲ್ಲ, ನೀವೇ ಒಂದು ಪ್ರಶ್ನೆ ಹುಡುಕಿ, ಅದಕ್ಕೆ ಪ್ರಯೋಗವನ್ನೂ ನೀವೇ ಕಟ್ಟಿ, ನಿಮ್ಮ ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ ಎಂದರಂತೆ. "ಇಷ್ಟ ವರ್ಷ ಅದ ದಾಸವಾಳ ಸೀಳಸೂದು, ಅದ ಚಿತ್ರಾ ತಗಸೂದು. ಹುಡುಗ್ರು ಹೂವಿನ ಕಡೆ ನೋಡೂದ ಬಿಟ್ಟಿದ್ರು. ಹ್ವಾದ ವರ್ಷದವರ ಚಿತ್ರಾ ನೋಡಿ ತಗೀತಿದ್ರು. ಹಿಂಗಾದ್ರ ಹೂವು ಯಾಕ ಬೇಕ್ರಿ?" ಎಂದು ಅವರು ಈಗಲೂ ಸಿಟ್ಟಾಗುತ್ತಾರೆ. ಹುಡುಗರು ಮೊದಲು ಕಕ್ಕಾಬಿಕ್ಕಿಯಾದರು. ಒಬ್ಬನಂತೂ, "ಸರ್, ಪ್ರಶ್ನಿ ನೀವ ಕೊಡ್ರಿ, ಉತ್ತರ ನಾವ ತರ್ತೇವಿ," ಎಂದು ಚೌಕಾಸಿಗೇ ಇಳಿದನಂತೆ.

ಕೊನೆಗೆ ಪ್ರಶ್ನೆಗಳು ಬಂದವು. ಜೋಳದ ರೊಟ್ಟಿಗೆ ಬೂಸ್ಟು ಮೊದಲು ಹಿಡಿಯುತ್ತದೋ ಚಪಾತಿಗೋ? ದನಕ್ಕೆ ನೀರು ಕುಡಿಸುವ ಬಾನಿಯಲ್ಲಿ ಕೆರೆಯ ಸಣ್ಣ ಮೀನು ಬಿಟ್ಟರೆ ಸೊಳ್ಳೆಮರಿ ಕಡಿಮೆಯಾಗುತ್ತವೋ? ಈ ಪ್ರಶ್ನೆಗಳಿಗೆಲ್ಲ ಸಾಮಾನು ಹೊಂದಿಸುವ ಹೊಣೆ ದಿನಗೂಲಿಯ ಮೇಲೆ ತೋಟ ನೋಡಿಕೊಳ್ಳುವ, ಗಾಜಿನ ಸಾಮಾನು ತೊಳೆಯುವ ಸಕೀನಾಬಿಯ ಹೆಗಲಿಗೆ ಬಿತ್ತು. ರೊಟ್ಟಿ ಅವರ ಮನೆಯದೇ. ಹಾರ್ಲಿಕ್ಸ್ ಬಾಟಲಿಗಳನ್ನು ಅವರು ಓಣಿಯೆಲ್ಲ ಅಲೆದು ತಂದರು. ಮೀನು ತರಲು ಗಂಡ ದಾದಾಪೀರರನ್ನು ಕೆರೆಗೆ ಇಳಿಸಿದರು. "ಸುಟ್ಟು ತಿನ್ನೂ ಮೀನಲ್ಲ, ಸೊಳ್ಳಿ ತಿನ್ನೂ ಮೀನ ಬೇಕು ಅಂದ್ರ ನಮ್ಮನಿಯಾವ್ರು ನನ್ನ ತಲಿ ಮುಟ್ಟಿ ನೋಡಿದ್ರು, ಜ್ವರಾ ಬಂದಾವೇನು ಅಂತ," ಎಂದು ಸಕೀನಾಬಿ ಬಾಯಿಗೆ ಸೆರಗು ಹಿಡಿದು ನಗುತ್ತಾರೆ.

ಕುಲಾವಿಯ ಮೆಣಸಿನ ಗಿಡಗಳು ಮಹಮ್ಮದ್ ಹನೀಫ್‌ನ ಪ್ರಶ್ನೆ. ಬ್ಯಾಡಗಿಯ ಹುಡುಗ, ಮನೆಯವರದು ಮೆಣಸಿನಕಾಯಿ ವ್ಯಾಪಾರ. ಹುಟ್ಟಿದಾಗಿನಿಂದ ಅದರ ಘಾಟಿನಲ್ಲೇ ಬೆಳೆದವನಿಗೆ ಒಂದು ಕುತೂಹಲ: ಜೇನು, ಹುಳ, ಚಿಟ್ಟೆ ಏನೂ ಮುಟ್ಟದಿದ್ದರೆ ಮೆಣಸಿನ ಹೂವು ಕಾಯಿಯಾಗುತ್ತದೆಯೇ? ಆಗುತ್ತದೆ, ಹೂವಿನೊಳಗಿನ ಪುಡಿಯೇ ಸಾಕು ಎಂದು ಪುಸ್ತಕ ಹೇಳುತ್ತದೆ. ಪುಸ್ತಕ ಹೇಳಿದ್ದನ್ನು ಕಣ್ಣಾರೆ ನೋಡಬೇಕು ಎಂಬುದು ಅವನ ಹಟ. ಅರ್ಧ ಸಾಲಿನ ಮೊಗ್ಗುಗಳಿಗೆ ಹುಳ ಹೋಗದಂತೆ ಚೀಲ ಕಟ್ಟಿದ, ಉಳಿದರ್ಧವನ್ನು ಹಾಗೇ ಬಿಟ್ಟ. ಕಾಯಿ ಎಣಿಸುವುದಷ್ಟೇ ಬಾಕಿ. ನೀರು ಹಾಕುವ ಸಕೀನಾಬಿಗೆ, "ಚಾಚಿ, ನನ್ನ ಗಿಡಾ ಛಲೋ ನೋಡ್ಕೊಳ್ರಿ," ಎಂದು ಒಂದು ಮಾತು ಹೇಳಿದ. ಆ ಒಂದು ಮಾತೇ ಎಡವಟ್ಟಿಗೆ ದಾರಿಯಾಯಿತು.

ಏಕೆಂದರೆ ಸಕೀನಾಬಿಗೆ ಮೆಣಸಿನ ಗಿಡ ನೋಡಿಕೊಳ್ಳುವುದು ಎಂದರೆ ಬೇರೆಯೇ ಅರ್ಥ. ಅವರ ತವರು ಗುತ್ತಲದ ಹತ್ತಿರದ ಹಳ್ಳಿ. ಮದುವೆಯಾಗಿ ರಾಣೆಬೆನ್ನೂರಿಗೆ ಬಂದಾಗ ದಾದಾಪೀರ ರೈಲು ನಿಲ್ದಾಣದ ಮುಂದೆ ಟಾಂಗಾ ಹೊಡೆಯುತ್ತಿದ್ದರು. ಆಟೋಗಳು ಬಂದವು, ಟಾಂಗಾ ಮೂಲೆ ಸೇರಿತು. ಸಕೀನಾಬಿ ಊರ ಸುತ್ತಲಿನ ಬೀಜದ ಪ್ಲಾಟುಗಳಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗತೊಡಗಿದರು. ಕಂಪನಿಗಳ ಹೈಬ್ರಿಡ್ ಬೀಜ ಹುಟ್ಟುವುದು ಇಂಥ ಹೆಣ್ಣುಮಕ್ಕಳ ಬೆರಳಲ್ಲೇ. ಒಂದು ಜಾತಿಯ ಗಿಡ ಹೆಣ್ಣು ಸಾಲು, ಇನ್ನೊಂದು ಜಾತಿಯದು ಗಂಡು ಸಾಲು. ಹೆಣ್ಣು ಸಾಲಿನ ಹೂವಿಗೆ ಗಂಡು ಸಾಲಿನ ಹೂವಿನ ಪುಡಿಯನ್ನು ಕೈಯಿಂದಲೇ ಮುಟ್ಟಿಸಬೇಕು.

"ಸಂಜೀಮುಂದ ಮೊಗ್ಗಿ ಬಿಚ್ಚಿ ಒಳಗಿನ ಗಂಡು ಕಡ್ಡಿ ತಗದಬಿಡಬೇಕ್ರಿ. ಮರದಿನಾ ಮುಂಜಾನೆ ಪುಡಿ ಮುಟ್ಟಿಸಿ ತೊಟ್ಟಿಗೆ ಕೆಂಪು ದಾರಾ ಕಟ್ಟಬೇಕು. ಹೆಣ್ಣು ಸಾಲಿನ್ಯಾಗ ದಾರಾ ಇಲ್ಲದ ಕಾಯಿ ಕಂಡ್ತಂದ್ರ ಅದು ಕಳ್ಳಗಾಯಿ, ತನ್ನಷ್ಟಕ್ಕ ತಾನ ಆಗಿದ್ದು. ಕಿತ್ತ ಒಗೀಬೇಕು. ಒಂದ ಉಳದ್ರೂ ಬೀಜೆಲ್ಲಾ ಬೆರಕಿ ಆತು ಅಂತ ಸೂಪರ್‌ವೈಜರ್ ಬಾಯಿಗೆ ಬಂದಂಗ ಬೈತಿದ್ದ. ಗಂಡು ಸಾಲಿನ ಕಾಯಿ ಮುಟ್ಟಾಂಗಿಲ್ಲ, ಅದರ ಗೊಡವಿ ನಮಗ ಇಲ್ಲ," ಎಂದು ಸಕೀನಾಬಿ ವಿವರಿಸುತ್ತಾರೆ.

ಹೀಗೆ ಹನ್ನೆರಡು ವರ್ಷ. ಬಿಸಿಲಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿಯಿತು. ಹತ್ತಿರದ್ದು ನೋಡುವ ಕಣ್ಣು ಮಂಜಾಗಿ ಮೊಗ್ಗು ಬಿಚ್ಚಲು ಬಾರದಾಯಿತು. ಅಂಥವರನ್ನು ಪ್ಲಾಟಿನವರು ಇಟ್ಟುಕೊಳ್ಳುವುದಿಲ್ಲ. ಒಂದು ಸುಗ್ಗಿ ಬ್ಯಾಡಗಿಯ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯಲು ಹೋದರು. "ಘಾಟಿಗೆ ಎದಿ ಹಿಡಕೊಂಬಿಡತಿತ್ರಿ. ರಾತ್ರಿ ಕೆಮ್ಮಿ ಕೆಮ್ಮಿ ಓಣ್ಯಾಗಿನ ಮಂದೀನ ಎಬ್ಬಸ್ತಿದ್ದೆ," ಎನ್ನುತ್ತಾರೆ. ಆ ಹೊತ್ತಿನಲ್ಲಿ ಸಿಕ್ಕಿದ್ದು ಕಾಲೇಜಿನ ಕೈತೋಟ. ನೆರಳಿದೆ, ನೀರಿದೆ, ಮಾತಾಡಲು ಹುಡುಗರಿದ್ದಾರೆ. ಇದು ತಪ್ಪಿದರೆ ಮತ್ತೆ ಅದೇ ಗೋದಾಮು.

ಈಗ ನೀವೇ ಊಹಿಸಿ. ಹನೀಫ್ ಚೀಲ ಕಟ್ಟಿದ ಸಾಲನ್ನು ಕಂಡ ಸಕೀನಾಬಿ, ಇದು ಹೆಣ್ಣು ಸಾಲು ಎಂದುಕೊಂಡರು. ಬರಿಮೈಯ ಸಾಲು ಗಂಡು ಸಾಲು. ದಿನಾ ಬೆಳಗ್ಗೆ ನೀರು ಹಾಕಿದ ಮೇಲೆ ಒಂದೊಂದೇ ಚೀಲ ಬಿಚ್ಚಿ ಬೆರಳಾಡಿಸುವರು. ದಾರವಿಲ್ಲದ ಪುಟ್ಟ ಕಾಯಿ ಬೆರಳಿಗೆ ತಗುಲುವುದು. ಅಯ್ಯೋ, ಹುಡುಗನಿಗೆ ಇನ್ನೂ ಕೆಲಸ ಬರುವುದಿಲ್ಲ, ಪಾಪ ಎಂದು ಕಿತ್ತೊಗೆದು, ಚೀಲವನ್ನು ಮೊದಲಿನಂತೆಯೇ ಕಟ್ಟಿಡುವರು. ಯಾರೂ ಹೇಳಿದ್ದಲ್ಲ, ಕೇಳಿದ್ದಲ್ಲ.

ಜನವರಿ ಬಂತು. ಹನೀಫ್ ಎಣಿಸಿ ನೋಡಿದರೆ ಬರಿಮೈ ಸಾಲಿನಲ್ಲಿ ಕಾಯಿಯೋ ಕಾಯಿ, ಚೀಲದೊಳಗೆ ಒಂದೂ ಇಲ್ಲ! ಪುಸ್ತಕವನ್ನೇ ಸೋಲಿಸಿದೆನೆಂದು ಹುಡುಗ ನೆಲದ ಮೇಲೆ ನಿಲ್ಲಲಿಲ್ಲ. ಬ್ಯಾಡಗಿಗೆ ಹೋಗಿ ಅಪ್ಪನಿಗೆ ಹೇಳಿದ. ಅಪ್ಪ ಮಾರುಕಟ್ಟೆಯಲ್ಲಿ ನಾಲ್ಕು ಜನಕ್ಕೆ ಹೇಳಿದರು. ಜೇನಿಲ್ಲದಿದ್ದರೆ ಮೆಣಸಿನಕಾಯಿಯೇ ಇಲ್ಲವಂತೆ ಎಂದು ಕೇಳಿದ ಬೆಳೆಗಾರನೊಬ್ಬ ಎಲ್ಲಿಂದಲೋ ಜೇನುಪೆಟ್ಟಿಗೆಯನ್ನೂ ತಂದಿಟ್ಟುಕೊಂಡನಂತೆ. ವಿರೂಪಾಕ್ಷಪ್ಪನವರು ಮಾತ್ರ ತಲೆ ಕೆರೆದುಕೊಳ್ಳುತ್ತಲೇ ಇದ್ದರು.

ಒಂದು ಮಧ್ಯಾಹ್ನ ಪ್ರಯೋಗಾಲಯದ ಕಟ್ಟೆಯ ಮೇಲೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಹನೀಫ್ ಸಕೀನಾಬಿಗೂ ಸುದ್ದಿ ಹೇಳಿದ. "ಚಾಚಿ, ಪುಸ್ತಕಾ ಸುಳ್ಳ! ಹುಳಾ ಮುಟ್ಟಲಿಲ್ಲಂದ್ರ ಕಾಯಿ ಆಗೂದ ಇಲ್ಲ. ಚೀಲದಾಗ ಒಂದರೆ ಆಗೇತೇನ ನೋಡ್ರಿ."

"ಅರೆ ಬೇಟಾ, ಆಗದ ಏನು? ಮಸ್ತ ಆಗಾಕತ್ತಾವು. ದಿನಾ ಮುಂಜಾನೆ ನಾನ ಕಿತ್ತ ಒಗೀತೇನಲ್ಲ!"

ಹನೀಫನ ಕೈಯ ಬಸಿ ಓರೆಯಾಗಿ ಚಹಾ ಪ್ಯಾಂಟಿನ ಮೇಲೆ ಹರಿಯಿತು. ವಿರೂಪಾಕ್ಷಪ್ಪನವರಿಗೆ ನಗು ತಡೆಯಲಾಗಲಿಲ್ಲ. "ನಗಬಾರದಿತ್ರಿ, ಹುಡುಗನ ಮಾರಿ ನೋಡಿ ಪಾಪ ಅನಸ್ತು. ಆದ್ರ ಒಟ್ಟ ತಡಕೊಳ್ಳಾಕ ಆಗಲಿಲ್ಲ," ಎಂದು ಅವರು ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ.

ಸಕೀನಾಬಿಗೆ ಆ ದಿನ ಏನೂ ಅರ್ಥವಾಗಲಿಲ್ಲ. "ಶಾಬಾಸ್ ಅಂತಾರ ಅನಕೊಂಡಿದ್ದೆ. ನೋಡಿದ್ರ ಎಲ್ಲಾರೂ ಬಾಯಿ ತಗದು ನನ್ನ ಕಡೆನ ನೋಡಾಕತ್ತಾರ. ಭಾಳ ಕೆಟ್ಟ ಅನಸ್ತ್ರಿ. ಹೊಲಸ ಮಾಡಿ ಬೈಸಿಕೊಂಡ್ರ ಮಾತ ಬ್ಯಾರೆ. ನಾ ಹಸನ ಮಾಡಿ ಬೈಸಿಕೊಂಡೆ," ಎನ್ನುವಾಗ ಅವರ ದನಿ ಸಣ್ಣದಾಗುತ್ತದೆ. ಹನೀಫ್ ಒಂದು ವಾರ ಅವರೊಂದಿಗೆ ಮಾತು ಬಿಟ್ಟ. ಬ್ಯಾಡಗಿಯಲ್ಲಿ ಅಪ್ಪನಿಗೆ ಜೇನಪ್ಪ ಎಂದು ಹೆಸರು ಬಿದ್ದಿತ್ತು. ಪ್ರಾಚಾರ್ಯರಿಗೆ ಮೊದಲೇ ಈ ಹೊಸ ಪದ್ಧತಿ ಎಂದರೆ ಅಷ್ಟಕ್ಕಷ್ಟೆ. ಧಾರವಾಡದಿಂದ ಬರುವ ಪರೀಕ್ಷಕರ ಮುಂದೆ ಕಾಲೇಜಿನ ಮಾನ ಹೋಗುತ್ತದೆ ಎಂದು ಅವರು ಕೆಂಡವಾದರು. ಸಕೀನಾಬಿ ಕೈತೋಟಕ್ಕೆ ಕಾಲಿಡಕೂಡದು, ಗಾಜಿನ ಸಾಮಾನು ತೊಳೆದುಕೊಂಡಿರಲಿ ಎಂದು ಅಪ್ಪಣೆಯಾಯಿತು.

ಗಿಡಗಳು ಒಣಗತೊಡಗಿದವು. ನೀರು ಹೊರುವವರು ಬೇರೆ ಯಾರೂ ಇರಲಿಲ್ಲ. ಅದನ್ನು ನೋಡಿಯೋ, ಸಿಟ್ಟು ಇಳಿದೋ, ಹನೀಫ್ ಒಂದು ಬೆಳಗ್ಗೆ ಸಕೀನಾಬಿ ಗಾಜಿನ ಸಾಮಾನು ತೊಳೆಯುವ ತೊಟ್ಟಿಯ ಹತ್ತಿರ ಬಂದು ನಿಂತ. ಇನ್ನೂ ಹೂವು ಬಿಡುತ್ತಿವೆ, ಪರೀಕ್ಷೆಗೆ ಇನ್ನೂ ವೇಳೆ ಇದೆ, ಇನ್ನೊಮ್ಮೆ ಮಾಡೋಣವೇ ಎಂದು ಕೇಳಿದ. ಸಕೀನಾಬಿಯ ಕೈಯಲ್ಲಿದ್ದ ಗಾಜಿನ ನಳಿಕೆ ತೊಟ್ಟಿಗೆ ಬಿತ್ತಂತೆ. ವಿರೂಪಾಕ್ಷಪ್ಪನವರು ಇಬ್ಬರನ್ನೂ ಕರೆದುಕೊಂಡು ಪ್ರಾಚಾರ್ಯರ ಕೋಣೆಗೆ ಹೋದರು. ತಪ್ಪು ಎಲ್ಲಾಯಿತೆಂದು ಬಲ್ಲವರೇ ಕಾವಲಿಗಿರಲಿ ಎಂಬುದು ಅವರ ವಾದ. ಪ್ರಾಚಾರ್ಯರು ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. "ಇನ್ನೊಂದ ಕಾಯಿ ಈಕಿ ಕೈಯಿಂದ ಹೋತಂದ್ರ ತ್ವಾಟಾನೂ ಇಲ್ಲ, ಕಾಲೇಜೂ ಇಲ್ಲ. ನೋಡ್ರಿ ಮತ್ತ."

ನಾನು ನೋಡಿದ ಆ ಕೈಕಟ್ಟಿದ ನಡಿಗೆ ಈ ಷರತ್ತಿನ ಫಲ. ಹನ್ನೆರಡು ವರ್ಷ ಕಿತ್ತ ಬೆರಳುಗಳನ್ನು ಸುಮ್ಮನಿರಿಸುವುದು ತಮಾಷೆಯಲ್ಲ. ಆದರೆ ಸಕೀನಾಬಿಗೆ ಈಗ ಇರುವುದು ಹೆದರಿಕೆಯಷ್ಟೇ ಅಲ್ಲ, ಬೇರೊಂದು ಗುಂಗೂ ಹಿಡಿದಿದೆ. "ಬಿಟ್ರ ಏನಾಗ್ತೈತಿ ನೋಡೂಣು ಅಂತ ಯಾರರೆ ಗಿಡಾ ಹಚ್ಚತಾರೇನ್ರಿ? ಈ ಹುಡುಗ್ರು ಹಚ್ಯಾರ. ನಾ ಎಷ್ಟ ಕಳ್ಳಗಾಯಿ ಕಿತ್ತೇನಿ ಆ ಮ್ಯಾಲಿನ ಮಾಲೀಕಗ ಗೊತ್ತು. ಒಂದೂ ದೊಡ್ಡದಾಗಿದ್ದು ನೋಡಿಲ್ಲ. ಹೆಂಗ ಆಗ್ತೈತಿ ಅನ್ನೂದು ಈಗ ನೋಡಾಕತ್ತೇನಿ," ಎಂದು ಒಂದು ಚೀಲದತ್ತ ಗದ್ದ ಎತ್ತಿ ತೋರಿಸುತ್ತಾರೆ. ತೆಳು ಬಟ್ಟೆಯ ಒಳಗೆ ಹಸಿರು ಕಾಯಿಯೊಂದು ಜೋತುಬಿದ್ದಿದೆ. ಬದುಕಿನಲ್ಲಿ ಮೆಣಸಿನಕಾಯಿಯನ್ನೇ ಕಾಣದವನ ಹಾಗೆ ನಾನೂ ಬಗ್ಗಿ ಬಗ್ಗಿ ನೋಡುತ್ತೇನೆ.

ಏಪ್ರಿಲ್‌ನಲ್ಲಿ ಪ್ರಾಯೋಗಿಕ ಪರೀಕ್ಷೆ. ಕುತೂಹಲ ತಡೆಯದೆ ನಾನು ಮತ್ತೆ ರಾಣೆಬೆನ್ನೂರಿಗೆ ಬಂದಿದ್ದೇನೆ. ಪ್ರಯೋಗಾಲಯದ ಮೂಲೆಯಲ್ಲಿ ಸ್ಟೂಲೊಂದನ್ನು ನನಗೆ ದಯಪಾಲಿಸಲಾಗಿದೆ. ಧಾರವಾಡದಿಂದ ಬಂದ ಪರೀಕ್ಷಕರು ನರೆತ ಕೂದಲಿನ, ಮಿತಮಾತಿನ ಮನುಷ್ಯ. ಪ್ರಾಚಾರ್ಯರು ಅವರ ಪಕ್ಕದಲ್ಲೇ ನಿಂತು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದಾರೆ. ಬೂಸ್ಟಿನ ರೊಟ್ಟಿಯವಳು ಮುಗಿಸಿ ಹೋದಳು, ಸೊಳ್ಳೆಮರಿಯವನೂ ಹೋದ. ಈಗ ಹನೀಫನ ಸರದಿ.

ಈ ಸಲ ಚೀಲದೊಳಗೂ ಕಾಯಿಗಳಾಗಿವೆ, ತೆರೆದ ಸಾಲಿಗಿಂತ ತುಸು ಕಡಿಮೆ, ಅಷ್ಟೆ. ಪುಸ್ತಕ ಗೆದ್ದಿದೆ. ಮೊದಲ ಸಲದ ಎಡವಟ್ಟನ್ನೂ ಹುಡುಗ ಮುಚ್ಚಿಡದೆ ಹೇಳುತ್ತಾನೆ. ಪರೀಕ್ಷಕರ ಮೀಸೆಯಡಿ ನಗು ಸುಳಿಯುತ್ತದೆ. ನಂತರ ಅವರು ಚೀಲದ ಗಿಡಗಳ ಪಟ್ಟಿಯ ಮೇಲೆ ಬೆರಳಿಟ್ಟು ಕೇಳುತ್ತಾರೆ. "ಇಲ್ಲಿ ಕಾಯಿಯಾಗದ ಹೂವುಗಳನ್ನೆಲ್ಲ ತಾವಾಗಿ ಉದುರಿದವು ಎಂದು ಬರೆದಿದ್ದೀಯ. ಈ ಸಲವೂ ಯಾರೋ ಕಿತ್ತಿರಬಹುದಲ್ಲ? ಇಲ್ಲವೆಂದು ಹೇಗೆ ಹೇಳುತ್ತೀ?"

"ಈ ಸಲ ಯಾರೂ ಕಿತ್ತಿಲ್ಲ ಸರ್. ಸಕೀನಾ ಚಾಚಿನ ಕಾವಲಿದ್ರು," ಎನ್ನುತ್ತಾನೆ ಹನೀಫ್, ಎದೆ ಉಬ್ಬಿಸಿ.

ಸಕೀನಾಬಿ ಚಹಾದ ತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ತಾಟನ್ನು ನಿಧಾನವಾಗಿ ಮೇಜಿನ ಅಂಚಿಗೆ ಇಡುತ್ತಾರೆ. "ಹಂಗಲ್ಲ ಬೇಟಾ. ಒಂದ ಕಿತ್ತೇನಿ."

ವಿರೂಪಾಕ್ಷಪ್ಪನವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಪ್ರಾಚಾರ್ಯರ ಕರವಸ್ತ್ರ ಕತ್ತಿನ ಮೇಲೇ ನಿಂತಿದೆ. ಸುಳ್ಳೇಕೆ ಹೇಳಲಿ, ಸುಮ್ಮನಿರಬಾರದಿತ್ತೇ ಮಹಾತಾಯಿ ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೇನೆ.

ಸಕೀನಾಬಿ ಸೆರಗಿನ ತುದಿಯ ಗಂಟು ಬಿಚ್ಚುತ್ತಾರೆ. ಒಣಗಿ ಮುರುಟಿದ, ಉಗುರಿನಷ್ಟುದ್ದದ ಕಾಯಿಯೊಂದನ್ನು ಪರೀಕ್ಷಕರ ಮುಂದೆ ಇಡುತ್ತಾರೆ. "ರಂಜಾನಿನ ಮೊದಲನೇ ರೋಜಾದ ದಿನಾ ಸಾಹೇಬ್ರ. ನಸುಕಿನ್ಯಾಗ ಎದ್ದು ಸಹರಿ ಊಟಾ ಮುಗಿಸಿ ಬಂದಿದ್ದೆ, ಕಣ್ಣಾಗ ಜೋಂಪ ಇತ್ತು. ಗಾಳಿಗೆ ಒಂದ ಚೀಲ ಸಡ್ಲಾಗಿತ್ತು. ಕಟ್ಟಾಕ ಹೋದೆ, ಬೊಟ್ಟ ತಾವ ಹ್ವಾದುವು. ಬಾವಿ ಕಡೀ ಸಾಲು, ಮೂಲ್ಯಾಗಿನ ಗಿಡಾ. ಸೀರಿ ಬದಲಿ ಮಾಡಿದಾಗೊಮ್ಮೆ ಇದನ್ನೂ ಗಂಟ ಬದಲಿ ಮಾಡ್ಕೋತ ಬಂದೇನಿ. ಹೇಳಾಕ ಧೈರ್ಯಾ ಆಗಲಿಲ್ಲ."

"ನಾ ಹೇಳಿದ್ದು ನೆನಪೈತಲ್ಲ?" ಪ್ರಾಚಾರ್ಯರು ಕೇಳುತ್ತಾರೆ.

"ಐತ್ರಿ."

ಪರೀಕ್ಷಕರು ಯಾರ ಮುಖವನ್ನೂ ನೋಡುವುದಿಲ್ಲ. ಆ ಕಾಯಿಯನ್ನು ಬೆರಳ ತುದಿಯಲ್ಲಿ ಹೊರಳಿಸಿ ನೋಡಿ, ಪೆನ್ನು ಹನೀಫನ ಕೈಗೆ ಕೊಡುತ್ತಾರೆ. "ಉದುರಿದ್ದರಲ್ಲಿ ಒಂದು ತೆಗಿ, ಕಾಯಿಯಾದದ್ದರಲ್ಲಿ ಒಂದು ಸೇರಿಸು," ಎನ್ನುತ್ತಾರೆ. ಹನೀಫ್ ತಿದ್ದುತ್ತಾನೆ. ಆಮೇಲೆ ಪರೀಕ್ಷಕರು ಪ್ರಾಚಾರ್ಯರತ್ತ ತಿರುಗಿ, "ನನ್ನ ಸರ್ವೀಸಿನಲ್ಲಿ ಎಷ್ಟೋ ಪ್ರಯೋಗ ನೋಡಿದ್ದೇನೆ, ಸರ್. ತಪ್ಪಾದ ಕಾಯಿಯನ್ನು ಜೋಪಾನವಾಗಿಟ್ಟು ತಂದುಕೊಟ್ಟವರನ್ನು ನೋಡಿರಲಿಲ್ಲ," ಎಂದು ಚಹಾದ ಕಪ್ಪು ಎತ್ತಿಕೊಳ್ಳುತ್ತಾರೆ.

ಪ್ರಾಚಾರ್ಯರು ಕರವಸ್ತ್ರ ಮಡಚುತ್ತಾರೆ, ಬಿಚ್ಚುತ್ತಾರೆ. ಸಕೀನಾಬಿ ತಲೆ ತಗ್ಗಿಸಿ ನಿಂತೇ ಇದ್ದಾರೆ. ಕೊನೆಗೆ ಪ್ರಾಚಾರ್ಯರು ಅವರತ್ತ ತಿರುಗಿ, "ಜೂನ್‌ದಾಗ ಹೊಸಾ ಹುಡುಗ್ರು ಬರ್ತಾರ. ಯಾವ ಗಿಡಾ ಮುಟ್ಟಬೇಕು, ಯಾವುದು ಮುಟ್ಟಬಾರದು, ಮೊದಲನೇ ದಿನಾನ ಅವರನ್ನ ಕೇಳಿ ತಿಳ್ಕೋ. ನನ್ನ ತಲಿ ತಿನ್ನಬ್ಯಾಡ್ರಿ," ಎಂದು ಹೊರಗೆ ನಡೆಯುತ್ತಾರೆ. ಕೆಲಸ ಉಳಿಯಿತೆಂದು ಸಕೀನಾಬಿಗೆ ಹೊಳೆಯಲು ಒಂದು ಗಳಿಗೆ ಬೇಕಾಗುತ್ತದೆ. ಹೊಳೆದ ಮೇಲೆ ಅಲ್ಲೇ ನೆಲದ ಮೇಲೆ ಕುಕ್ಕರಿಸುತ್ತಾರೆ.

ಸಂಜೆ ತೊಟ್ಟಿಯ ಬಳಿ ಅವರು ಕಪ್ಪುಬಸಿ ತೊಳೆಯುತ್ತಿದ್ದಾರೆ. ನನಗೆ ಹೊಟ್ಟೆಯಲ್ಲಿಟ್ಟುಕೊಂಡು ಹಾವೇರಿಗೆ ಹೋಗಲಾಗದ ಪ್ರಶ್ನೆಯೊಂದು ಉಳಿದಿದೆ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮತ್ತೆ ಗೋದಾಮಿನ ಘಾಟಿಗೆ ಹೋಗುವ ಪಾಳಿ ಬರಬಹುದು ಎಂದು ಗೊತ್ತಿದ್ದೂ ಏಕೆ ಹೇಳಿದಿರಿ?

ಸಕೀನಾಬಿ ಬಸಿಯ ನೀರು ಝಾಡಿಸಿ ಬೋರಲು ಹಾಕುತ್ತಾರೆ. ಇದೆಂಥ ಪ್ರಶ್ನೆ ಎಂಬಂತೆ ನನ್ನತ್ತ ನೋಡುತ್ತಾರೆ.

"ಹುಡುಗನ ಲೆಕ್ಕಾ ತಪ್ಪತಿತ್ತಲ್ರಿ."